ಹೊಕ್ಕುಳ ಸುತ್ತಲಿನ ನೋವು

(ಮಕ್ಕಳ ಮೈ-ಮನಸ್ಸಿನ ಆರೋಗ್ಯ ಕುರಿತು ಧಾರವಾಡದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)



ಜೂನ್ ಬಂತೆಂದರೆ ಹುಬ್ಬಳ್ಳಿ-ಧಾರವಾಡದ ಮಕ್ಕಳ ಡಾಕ್ಟರರ ಓಪಿಡಿಗಳಲ್ಲಿ ಹೊಟ್ಟೆನೋವು ಹೆಚ್ಚಾಗುತ್ತದೆ. ಮಳೆಗಾಲದ ನೀರಿನಿಂದ ಬರುವ ವಾಂತಿ-ಭೇದಿಯ ಲೆಕ್ಕ ಬೇರೆ. ನಾನು ಹೇಳುತ್ತಿರುವುದು ಬೆಳಿಗ್ಗೆ ಏಳೂವರೆಗೆ ಶುರುವಾಗಿ, ಸಾಲಿಯ ಗಾಡಿ ಓಣಿ ದಾಟಿ ಹೋದ ಮೇಲೆ ತಾನಾಗಿ ಇಳಿಯುವ ನೋವಿನ ಮಾತು. ರವಿವಾರ ಅದು ಇರುವುದಿಲ್ಲ. ದೀಪಾವಳಿ ಸೂಟಿಯಲ್ಲಿ ಮಾಯವಾಗಿ, ಸೂಟಿ ಮುಗಿಯುವ ಹಿಂದಿನ ಸಂಜೆ ಮತ್ತೆ ಹಾಜರಾಗುತ್ತದೆ. ಮಗುವನ್ನು ಕರೆತಂದ ತಾಯಿ ಹೇಳುವುದು ಹೆಚ್ಚುಕಡಿಮೆ ಹೀಗಿರುತ್ತದೆ: “ಮೇಡಮ್ರ, ಇವಂದು ದಿನಾ ಇದ ಗೋಳ್ರಿ. ಬಟ್ಟಿ ತಿಕ್ಕಿಸಿದ್ವಿ, ದೃಷ್ಟಿ ತಗದ್ವಿ, ಜಂತಿನ ಗುಳಿಗಿ ಕೊಟ್ವಿ, ಸ್ಕ್ಯಾನಿಂಗೂ ಆತು. ಎಲ್ಲಾ ನಾರ್ಮಲ್ ಅಂತಾರ. ಒಂದ್ ಸಲಾಯಿನ್ ಹಚ್ಚಿಬಿಡ್ರಿ.”

ಬೆನ್ನಿಗೇ ನಿಂತ ತಂದೆಯ ತೀರ್ಪು ಬೇರೆ: “ನಾಟಕ ಮಾಡ್ತಾನ್ರಿ.”

ಹುಬ್ಬಳ್ಳಿಯಲ್ಲಿ ಮಕ್ಕಳ ವೈದ್ಯಳಾಗಿ ಕೂತ ವರ್ಷಗಳಲ್ಲಿ ಈ ಎರಡು ಮಾತುಗಳ ನಡುವೆ ಕೂತ ಮಗುವನ್ನೇ ನಾನು ಹೆಚ್ಚು ನೋಡಿದ್ದೇನೆ. ಒಬ್ಬರು ರೋಗ ಎನ್ನುತ್ತಾರೆ, ಇನ್ನೊಬ್ಬರು ಸೋಗು ಎನ್ನುತ್ತಾರೆ. ಮಗುವಿಗೆ ಮಾತ್ರ ನಿಜವಾಗಿಯೇ ನೋಯುತ್ತಿರುತ್ತದೆ. ಇವತ್ತು ನಾನು ಹೇಳಬೇಕಾದದ್ದು ಈ ನೋವಿನ ಬಗ್ಗೆ, ಅದು ಎಲ್ಲಿಂದ ಹುಟ್ಟುತ್ತದೆ ಎಂಬುದರ ಬಗ್ಗೆ.

ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಜಾನ್ ಆ್ಯಪ್ಲಿ ಎಂಬ ಮಕ್ಕಳ ವೈದ್ಯರಿದ್ದರು. ಅವರು ತಮ್ಮ ಸಹೋದ್ಯೋಗಿಯೊಡನೆ ಸಾವಿರ ಶಾಲಾ ಮಕ್ಕಳನ್ನು ತಪಾಸಿಸಿ 1958ರಲ್ಲಿ ವರದಿ ಪ್ರಕಟಿಸಿದರು. ಹತ್ತು ಮಕ್ಕಳಲ್ಲಿ ಒಂದಕ್ಕೆ ಮೇಲಿಂದ ಮೇಲೆ ಬರುವ ಹೊಟ್ಟೆನೋವು ಇತ್ತು. ಅವುಗಳಲ್ಲಿ ಬಹುಪಾಲು ಮಕ್ಕಳ ಹೊಟ್ಟೆಯಲ್ಲಿ ಯಾವ ರೋಗವೂ ಸಿಗಲಿಲ್ಲ. ಆ್ಯಪ್ಲಿಯವರ ಹೆಸರಿನಲ್ಲಿ ಒಂದು ಸೂತ್ರ ಇಂದಿಗೂ ವೈದ್ಯಕೀಯ ವಿದ್ಯಾರ್ಥಿಗಳ ಬಾಯಲ್ಲಿದೆ: ನೋವು ಹೊಕ್ಕುಳಿನಿಂದ ದೂರ ಸರಿದಷ್ಟೂ ದೇಹದೊಳಗೆ ರೋಗ ಇರುವ ಸಂಭವ ಹೆಚ್ಚು. ಎಲ್ಲಿ ನೋಯ್ತದೋ ತೋರಿಸು ಎಂದರೆ ಒಂದೇ ಬೆರಳಿಟ್ಟು ಬಲಗಡೆ ಕೆಳಗೆ ತೋರಿಸುವ ಮಗುವಿನ ಬಗ್ಗೆ ನಾವು ಗಾಬರಿಯಾಗುತ್ತೇವೆ. ಇಡೀ ಅಂಗೈಯನ್ನು ಹೊಕ್ಕುಳ ಮೇಲಿಟ್ಟು ಸುತ್ತ ತಿರುವುವ ಮಗುವಿನ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ಕೂರುತ್ತೇವೆ. ಇದೊಂದು ದಾರಿ ತೋರುವ ಸೂತ್ರ, ಅಷ್ಟೆ. ತೂಕ ಇಳಿಯುತ್ತಿದ್ದರೆ, ಜ್ವರ ಇದ್ದರೆ, ನೋವಿನಿಂದ ಮಗು ನಡುರಾತ್ರಿ ಎಚ್ಚರಾಗುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ ಹೊಕ್ಕುಳೂ ಇಲ್ಲ, ಸೂತ್ರವೂ ಇಲ್ಲ, ಮೊದಲು ದೇಹದ ತಪಾಸಣೆ.

ರೋಗವಿಲ್ಲದೆ ನೋವು ಹೇಗೆ ಎಂದು ಕೇಳುತ್ತೀರಿ. ಕರುಳಿಗೆ ತನ್ನದೇ ಆದ ನರಜಾಲವಿದೆ, ಅದು ಮೆದುಳಿನೊಡನೆ ಸದಾ ಮಾತಿನಲ್ಲಿರುತ್ತದೆ. ಭಯವಾದಾಗ ಮೂತ್ರಪಿಂಡದ ಮೇಲಿನ ಗ್ರಂಥಿಗಳು ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳನ್ನು ಸುರಿಸುತ್ತವೆ. ಎದೆ ಬಡಿತ ಏರುತ್ತದೆ, ಕರುಳಿನ ಚಲನೆ ಕೆಡುತ್ತದೆ, ಸಾಧಾರಣವಾಗಿ ಗೊತ್ತೇ ಆಗದ ಕರುಳಿನ ಎಳೆತ ನೋವಾಗಿ ಕೇಳಿಸುತ್ತದೆ. ಹುಲಿ ಎದುರಾದಾಗ ಬೇಕಾದ ಏರ್ಪಾಡು ಇದು. ಗಣಿತದ ಮಾಸ್ತರರು ದಿನಾ ಎದುರಾದರೆ ಅದೇ ಏರ್ಪಾಡು ದಿನಾ ಏಳುತ್ತದೆ. ತಿಂಗಳುಗಟ್ಟಲೆ ಎದ್ದರೆ ಹಸಿವು ಕೆಡುತ್ತದೆ, ನಿದ್ದೆ ಕೆಡುತ್ತದೆ, ಸಣ್ಣ ಸಣ್ಣ ಸೋಂಕುಗಳು ಬೇಗ ಹತ್ತುತ್ತವೆ. ಕೆಲವರಿಗೆ ತಲೆನೋವು, ಕೆಲವರಿಗೆ ದಮ್ಮು ಕೆರಳುವುದು, ದೊಡ್ಡ ಹುಡುಗಿಯರಲ್ಲಿ ಪ್ರಾರ್ಥನೆಗೆ ನಿಂತಲ್ಲೇ ಕುಸಿದು ಬೀಳುವುದು.

ನಮ್ಮ ಕಡೆ ಇದು ಹೊಟ್ಟೆಯ ಮೂಲಕವೇ ಹೆಚ್ಚು ಮಾತಾಡುವುದಕ್ಕೆ ಇನ್ನೊಂದು ಕಾರಣ ನನಗೆ ಕಾಣುತ್ತದೆ. ಜ್ವರ ಬಂದರೆ ನಾವು ಸಾಲಿ ಬಿಡಿಸುತ್ತೇವೆ, ದುಃಖ ಬಂದರೆ ಬಿಡಿಸುವುದಿಲ್ಲ. ಹೊಟ್ಟೆ ನೋಯ್ತದೆ ಎಂದ ಮಗುವಿಗೆ ಅಜ್ಜಿ ಓಂಕಾಳು ಕೊಡುತ್ತಾಳೆ, ತೊಡೆಯ ಮೇಲೆ ಮಲಗಿಸಿಕೊಳ್ಳುತ್ತಾಳೆ. ಅಂಜಿಕೆ ಆಗ್ತದೆ ಎಂದ ಮಗುವಿಗೆ “ಗಂಡಸಾಗಿ ಅಂಜತಿ?” ಎಂಬ ಮಾತು ಸಿಗುತ್ತದೆ. ಆರು ವರ್ಷದ ಮಗುವಿಗೂ ಯಾವ ಅರ್ಜಿ ಮಂಜೂರಾಗುತ್ತದೆ ಎಂಬುದು ತಿಳಿಯುತ್ತದೆ. ಇದು ಲೆಕ್ಕ ಹಾಕಿ ಮಾಡುವ ಸೋಗಲ್ಲ, ಮನೆಯಲ್ಲಿ ಕಲಿತ ಭಾಷೆ.

ಇದರ ತಿರುಗುಮುರುಗು, ಅಂದರೆ ದೇಹದ ಕೊರತೆ ಮನಸ್ಸನ್ನು ಕೆಡಿಸುವುದು ಕೂಡ ಅಷ್ಟೇ ನಿಜ. ಮನಸ್ಸಿನ ತಜ್ಞರು ಇದನ್ನು ಮರೆಯುತ್ತಾರೆ ಎಂಬ ಸಣ್ಣ ತಕರಾರು ನನ್ನದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35ರಷ್ಟು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಕಬ್ಬಿಣಾಂಶವಿಲ್ಲದ ಮೆದುಳು ಮಂಕಾಗಿರುತ್ತದೆ, ಬೇಗ ಸಿಡುಕುತ್ತದೆ, ಓದಿದ್ದು ನಿಲ್ಲುವುದಿಲ್ಲ. “ಆಕಿ ಭಾಳ ಆಲಸಿ, ಕ್ಲಾಸಿನಾಗ ಮಲಗತಾಳ” ಎಂದು ಬೈಸಿಕೊಂಡ ಹುಡುಗಿಯ ಕಣ್ಣಿನ ಕೆಳರೆಪ್ಪೆ ಬಿಡಿಸಿ ನೋಡಿದರೆ ಬಿಳುಪು. ಬೈಗುಳ ತಿಂದು ತಿಂದು ಆಕೆ ಸಾಲಿಯ ಮೇಲಿನ ಆಸೆ ಬಿಟ್ಟಿರುತ್ತಾಳೆ. ಅದು ಮನಸ್ಸಿನ ಖಾತೆಗೆ ಹೋಗುತ್ತದೆ, ಶುರುವಾದದ್ದು ರಕ್ತದಲ್ಲಿ. 2002ರಲ್ಲಿ ಸಾಲಿಯ ಬಿಸಿಯೂಟದ ಅಕ್ಷರ ದಾಸೋಹ ಆರಂಭವಾದಾಗ, 2013ರಲ್ಲಿ ಹಾಲು ಕೊಡುವ ಕ್ಷೀರಭಾಗ್ಯ ಬಂದಾಗ, ಈಚೆಗೆ 2024ರಲ್ಲಿ ವಾರದ ಆರು ದಿನ ಮೊಟ್ಟೆ ಕೊಡುವ ಏರ್ಪಾಡಾದಾಗ ಇವನ್ನೆಲ್ಲ ನಾವು ಹೊಟ್ಟೆಯ ಯೋಜನೆಗಳೆಂದೇ ಎಣಿಸಿದೆವು. ಇವು ಮಾನಸಿಕ ಆರೋಗ್ಯದ ಯೋಜನೆಗಳೂ ಹೌದು. ಎಲ್ಲರ ಜೊತೆ ಒಂದೇ ಸಾಲಿನಲ್ಲಿ ಕೂತು, ಒಂದೇ ಬಕೀಟಿನಿಂದ ಬಡಿಸಿಕೊಂಡು ಉಣ್ಣುವುದು ಮಗುವಿನ ಮನಸ್ಸಿಗೆ ಏನು ಮಾಡುತ್ತದೆ ಎಂಬುದನ್ನು ಯಾವ ರಕ್ತ ತಪಾಸಣೆಯೂ ತೋರಿಸುವುದಿಲ್ಲ. ಆ ಸಾಲಿನಿಂದ ಜಾತಿಯ ಕಾರಣಕ್ಕೆ ಎಬ್ಬಿಸಿ ಬೇರೆ ಕೂರಿಸಿದರೆ ಏನಾಗುತ್ತದೆ ಎಂಬುದನ್ನೂ ತೋರಿಸುವುದಿಲ್ಲ.

ಈಗ ಧಾರವಾಡದ ಮಾತಿಗೆ ಬರುತ್ತೇನೆ. ಬೆಳಗಾವಿ ರಸ್ತೆಯಲ್ಲಿರುವ ನಮ್ಮ ಮಾನಸಿಕ ಆಸ್ಪತ್ರೆಯ ಬೇರು 1845ರವರೆಗೆ ಹೋಗುತ್ತದೆ. ಬ್ರಿಟಿಷರ ಕಾಲದ ಹುಚ್ಚಾಸ್ಪತ್ರೆಯಾಗಿ ಶುರುವಾದದ್ದು ಈಗ ಡಿಮ್ಹಾನ್ಸ್ ಎಂಬ ದೊಡ್ಡ ಸಂಸ್ಥೆ. ಅಲ್ಲಿ ಡಾಕ್ಟರರು ತಯಾರಾಗುತ್ತಾರೆ, ಮನಶ್ಶಾಸ್ತ್ರಜ್ಞರು ತಯಾರಾಗುತ್ತಾರೆ. ಉತ್ತರ ಕರ್ನಾಟಕದ ಮನೆಮನೆಯಲ್ಲಿ ಮಾತ್ರ ಅದು ಒಂದು ಚೇಷ್ಟೆಯ ಮಾತಾಗಿ ಉಳಿದಿದೆ: “ಇವನ್ನ ಧಾರವಾಡಕ್ಕ ಕಳಸಬೇಕಾಗತೈತಿ.” ಇಡೀ ನಾಡು ವಿದ್ಯಾಕಾಶಿ ಎಂದು ಕೊಂಡಾಡುವ ಊರಿಗೆ ಇನ್ನೊಂದು ಅರ್ಥ ಹೀಗೆ ಅಂಟಿಕೊಂಡಿದೆ. ಗದಗಿನ ಕಡೆಯ ತಾಯಿ-ತಂದೆ ಮಗನ ತಲೆನೋವಿಗೆ ಹುಬ್ಬಳ್ಳಿಗೆ ಬರುತ್ತಾರೆ, ಮೀರಜಿಗೆ ಹೋಗುತ್ತಾರೆ, ಹೊಲ ಅಡವಿಟ್ಟು ಬೆಂಗಳೂರಿಗೂ ಹೋಗುತ್ತಾರೆ. ಹತ್ತಿರದ ಬೆಳಗಾವಿ ರಸ್ತೆಯ ಗೇಟಿನೊಳಗೆ ಹೋಗುವುದಿಲ್ಲ. “ಯಾರರ ನೋಡಿದ್ರ ನಾಳೆ ಕನ್ಯಾ ಸಿಗೂದಿಲ್ರಿ.” ಹುಡುಗನಿಗೆ ಆಗಿನ್ನೂ ಹನ್ನೊಂದು ವರ್ಷ.

ಈ ಸಂಕೋಚದ ಬೆಲೆ ಏನು? ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು 13ರಿಂದ 17 ವಯಸ್ಸಿನವರಲ್ಲಿ ಶೇ. 7.3 ಮಂದಿಗೆ ಚಿಕಿತ್ಸೆ ಬೇಕಾದ ಮಾನಸಿಕ ತೊಂದರೆ ಇದೆ ಎಂದು ಕಂಡುಕೊಂಡಿತು. ಮಹಾನಗರಗಳಲ್ಲಿ ಅದು ಹೆಚ್ಚುಕಡಿಮೆ ಇಮ್ಮಡಿ. ಜಗತ್ತಿನಲ್ಲಿ 10ರಿಂದ 19 ವಯಸ್ಸಿನ ಏಳು ಮಕ್ಕಳಲ್ಲಿ ಒಬ್ಬರಿಗೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದೊಡ್ಡವರಲ್ಲಿ ಕಾಣುವ ಮಾನಸಿಕ ಕಾಯಿಲೆಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹದಿನೆಂಟರೊಳಗೇ ತಲೆಯೆತ್ತಿರುತ್ತವೆ. ಅಂದರೆ ನಲವತ್ತರ ಗಂಡಸನ್ನು ಕೈಕಾಲು ಕಟ್ಟಿ ಆ ಗೇಟಿಗೆ ತರುವವರು ಹಲವು ಸಲ ಇಪ್ಪತ್ತು ವರ್ಷಕ್ಕೂ ಹೆಚ್ಚು ತಡವಾಗಿ ಬಂದಿರುತ್ತಾರೆ. ಮಾನಸಿಕ ಚಿಕಿತ್ಸೆಯನ್ನು ಆಸ್ಪತ್ರೆಯ ಗೋಡೆಯಿಂದ ಹೊರಗೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಮಟ್ಟಕ್ಕೆ ತರಬಹುದೆಂದು ದೇಶಕ್ಕೆ ತೋರಿಸಿದ್ದು ನಮ್ಮದೇ ಬಳ್ಳಾರಿ ಜಿಲ್ಲೆ, 1980ರ ದಶಕದಲ್ಲಿ. 1996ರಿಂದ ದೇಶ ಅದನ್ನು ಅನುಸರಿಸಿತು. ಆದರೂ ಆ ಕಾರ್ಯಕ್ರಮದ ಕಣ್ಣು ಬಹಳ ಕಾಲ ದೊಡ್ಡವರ ಮೇಲೇ ನೆಟ್ಟಿತ್ತು.

ಮನೆಯ ಒಳಗಿನ ಕಾರಣಗಳ ಬಗ್ಗೆ ಒಂದು ಅಮೆರಿಕದ ಕಥೆ ಹೇಳಬೇಕು. ಸ್ಯಾನ್ ಡಿಯಾಗೊದಲ್ಲಿ ವಿನ್ಸೆಂಟ್ ಫೆಲಿಟಿ ಎಂಬ ವೈದ್ಯರು ವಿಪರೀತ ಬೊಜ್ಜಿನವರ ತೂಕ ಇಳಿಸುವ ಚಿಕಿತ್ಸಾಲಯ ನಡೆಸುತ್ತಿದ್ದರು. ತೂಕ ಚೆನ್ನಾಗಿ ಇಳಿಯುತ್ತಿದ್ದವರೇ ಚಿಕಿತ್ಸೆ ಬಿಟ್ಟು ಹೋಗುತ್ತಿದ್ದರು. ಯಾಕೆಂದು ಕೂತು ಕೇಳಿದಾಗ ಬಾಲ್ಯದ ಲೈಂಗಿಕ ದೌರ್ಜನ್ಯದ ಸಂಗತಿಗಳು ಒಂದೊಂದಾಗಿ ಹೊರಬಂದವು. ಆಮೇಲೆ ರಾಬರ್ಟ್ ಆ್ಯಂಡಾ ಎಂಬುವರೊಡನೆ ಸೇರಿ ಸಾವಿರಾರು ಜನರನ್ನು ಕೇಳಿದರು: ಬಾಲ್ಯದಲ್ಲಿ ಹೊಡೆತ, ಅವಮಾನ, ಕುಡುಕರ ಮನೆ, ತಾಯಿಗೆ ಬೀಳುತ್ತಿದ್ದ ಏಟು, ಜೈಲಿಗೆ ಹೋದವರು, ಮಾನಸಿಕ ಕಾಯಿಲೆ — ಇವುಗಳಲ್ಲಿ ಎಷ್ಟು ಕಂಡಿರಿ? 1998ರಲ್ಲಿ ಬಂದ ಉತ್ತರ ವೈದ್ಯಲೋಕವನ್ನು ಬೆಚ್ಚಿಬೀಳಿಸಿತು. ನಾಲ್ಕು ಅಥವಾ ಹೆಚ್ಚು ಬಗೆಯ ಕಷ್ಟ ಕಂಡವರಲ್ಲಿ ಕುಡಿತ, ಖಿನ್ನತೆ, ಆತ್ಮಹತ್ಯೆಯ ಯತ್ನ ನಾಲ್ಕರಿಂದ ಹನ್ನೆರಡು ಪಟ್ಟು ಹೆಚ್ಚು. ಹೃದ್ರೋಗ, ಶ್ವಾಸಕೋಶದ ಕಾಯಿಲೆ, ಕ್ಯಾನ್ಸರ್ ಕೂಡ ಹೆಚ್ಚು. ಗಮನಿಸಿ, ಇವರು ಕೊಳೆಗೇರಿಯ ಬಡವರಲ್ಲ. ಆರೋಗ್ಯ ವಿಮೆ ಇದ್ದ, ಹೆಚ್ಚಿನವರು ಕಾಲೇಜು ಮೆಟ್ಟಿಲು ಹತ್ತಿದ ಮಧ್ಯಮ ವರ್ಗದವರು.

ಇದನ್ನು ನಮ್ಮ ಓಣಿಗೆ ತಂದರೆ ಮೊದಲು ಕಾಣುವುದು ಸಾರಾಯಿ. ಅಪ್ಪನ ಗಾಡಿಯ ಸಪ್ಪಳದಲ್ಲೇ ಇವತ್ತು ಎಷ್ಟು ಕುಡಿದಿದ್ದಾನೆ ಎಂದು ಹೇಳಬಲ್ಲ ಮಕ್ಕಳು ಹುಬ್ಬಳ್ಳಿಯಲ್ಲಿ ಬೇಕಾದಷ್ಟಿದ್ದಾರೆ. ಅಂಥ ಮಗು ರಾತ್ರಿ ಮಲಗುವುದಿಲ್ಲ, ಕಿವಿಗೊಟ್ಟು ಕಾಯುತ್ತದೆ. ಹಗಲು ಅದಕ್ಕೆ ಪಾಠ ತಲೆಗೆ ಹೋಗುವುದಿಲ್ಲ. ಹೋಗದ್ದಕ್ಕೆ ಸಾಲಿಯಲ್ಲಿ ಏಟು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಬೆತ್ತ ಕಡಿಮೆಯಾಗಿದೆ ಎಂದು ನಾನೂ ಒಪ್ಪುತ್ತೇನೆ. ಬೆತ್ತದ ಜಾಗಕ್ಕೆ ಬಂದ ಮಾತುಗಳ ಬಗ್ಗೆ ಶಿಕ್ಷಕ ಬಂಧುಗಳು ತಮ್ಮ ತಮ್ಮಲ್ಲೇ ಕೇಳಿಕೊಳ್ಳಲಿ.

ಮಾರ್ಕ್ಸಿನ ವಿಷಯಕ್ಕೆ ಬಂದರೆ ಸರ್ಕಾರ ಒಂದು ಒಳ್ಳೆಯ ಕೆಲಸ ಮಾಡಿದೆ. 2024ರಲ್ಲಿ ಎಸ್ಸೆಸ್ಸೆಲ್ಸಿಗೆ, ದ್ವಿತೀಯ ಪಿಯುಸಿಗೆ ವರ್ಷಕ್ಕೆ ಮೂರು ಪರೀಕ್ಷೆ ತಂದಿತು. ಮೂರರಲ್ಲಿ ಹೆಚ್ಚಿನ ಅಂಕ ಉಳಿಯುತ್ತಿತ್ತು. ಸಪ್ಲಿಮೆಂಟರಿ ಎಂಬ ಹಣೆಪಟ್ಟಿ ಹೋಯಿತು. ಅದೇ ವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂದು ಎಸ್ಸೆಸ್ಸೆಲ್ಸಿ ಫಲಿತಾಂಶ ಹಿಂದಿನ ವರ್ಷದ ಶೇ. 83.89ರಿಂದ 73.40ಕ್ಕೆ ಇಳಿದಾಗ, ಈ ಎರಡನೆಯ ಮತ್ತು ಮೂರನೆಯ ಬಾಗಿಲು ಇರದಿದ್ದರೆ ಎಷ್ಟು ಮನೆಗಳಲ್ಲಿ ಕೇಡಾಗುತ್ತಿತ್ತೋ. ಆದರೆ ಬಾಗಿಲು ಇದೆ ಎಂಬುದನ್ನು ಮನೆಯವರು ನಂಬಬೇಕಲ್ಲ! ಫಲಿತಾಂಶದ ಮರುದಿನ ನಮ್ಮ ಊರಿನ ಸರ್ಕಲ್ಲುಗಳಲ್ಲಿ ಫ್ಲೆಕ್ಸುಗಳು ಏಳುತ್ತವೆ. 625ಕ್ಕೆ 620 ಪಡೆದವರ ಸಾಲು ಸಾಲು ಮುಖಗಳು. ಆ ಮಕ್ಕಳ ಶ್ರಮಕ್ಕೆ ನನ್ನ ಗೌರವವಿದೆ. 380 ಪಡೆದು ಪಾಸಾದ ಹುಡುಗಿ ಅದೇ ಸರ್ಕಲ್ಲಿನಲ್ಲಿ ಬಸ್ಸಿಗೆ ನಿಲ್ಲುತ್ತಾಳೆ ಎಂಬುದನ್ನು ಮಾತ್ರ ಆ ಫ್ಲೆಕ್ಸ್ ಹಾಕಿಸಿದವರು ಯೋಚಿಸಿರುವುದಿಲ್ಲ. ಕೃಷಿ ಕೂಲಿಯ ಮನೆಯಲ್ಲಿ, ತಮ್ಮಂದಿರನ್ನು ನೋಡಿಕೊಂಡು ಆಕೆ ಪಡೆದ 380ಕ್ಕೆ ನಾನಾದರೆ ಮೊದಲು ಫ್ಲೆಕ್ಸ್ ಹಾಕಿಸುತ್ತಿದ್ದೆ.

ಹಾಗೆ ಪಾಸಾದ ಮಕ್ಕಳಲ್ಲಿ ಹಲವರು ಹದಿನಾರನೆಯ ವಯಸ್ಸಿಗೆ ಟ್ರಂಕು ಹೊತ್ತು ಧಾರವಾಡಕ್ಕೆ ಬರುತ್ತಾರೆ. ಕೊಪ್ಪಳ, ಬಾಗಲಕೋಟೆ, ವಿಜಯಪುರ, ಹಾವೇರಿ, ಗದಗ. ಸಪ್ತಾಪುರ, ಜಯನಗರದ ಸುತ್ತ ನಡೆದು ನೋಡಿ: ಒಂದು ಮನೆಯ ಮೇಲೆ ಪಿ.ಜಿ. ಬೋರ್ಡು, ಪಕ್ಕದ ಮನೆಯ ಮೇಲೆ ಟ್ಯುಟೋರಿಯಲ್ ಬೋರ್ಡು, ಅದರ ಕೆಳಗೆ ಓದಲು ಕುರ್ಚಿ ಬಾಡಿಗೆಗೆ ಕೊಡುವ ಲೈಬ್ರರಿ, ಮೂಲೆಯಲ್ಲಿ ಝೆರಾಕ್ಸ್ ಅಂಗಡಿ ಮತ್ತು ಖಾನಾವಳಿ. ಪಿಯು ವಿಜ್ಞಾನದವರು ಒಂದು ಕಡೆ, ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುವ ಅಣ್ಣಂದಿರು ಅಕ್ಕಂದಿರು ಇನ್ನೊಂದು ಕಡೆ. ಹಳ್ಳಿಯಲ್ಲಿ ಹೈಸ್ಕೂಲಿಗೆ ಮೊದಲಿಗನಾಗಿದ್ದ ಹುಡುಗ ಇಲ್ಲಿ ಮೊದಲ ಟೆಸ್ಟಿನಲ್ಲೇ ನಲವತ್ತನೆಯವನಾಗುತ್ತಾನೆ. ಕನ್ನಡ ಮಾಧ್ಯಮದಲ್ಲಿ ಓದಿದ ತಲೆ ಇಂಗ್ಲಿಷಿನ ಭೌತಶಾಸ್ತ್ರಕ್ಕೆ ಎದುರಾಗುತ್ತದೆ. ಅಪ್ಪ ಸಾಲ ಮಾಡಿ ಕಟ್ಟಿದ ಫೀ ಎಷ್ಟೆಂದು ಅವನಿಗೆ ಗೊತ್ತು. ಊರಿಗೆ ಫೋನ್ ಮಾಡಿದರೆ ಆತ ಹೇಳುವುದು ಒಂದೇ: “ಆರಾಮದೀನಿ.” ಆ ಮಾತಿನ ಹಿಂದೆ ಏನಿದೆ ಎಂದು ಕೇಳುವವರು ಪಿ.ಜಿ.ಯಲ್ಲಿ ಯಾರೂ ಇಲ್ಲ.

ಈ ಮಕ್ಕಳ ದೇಹಕ್ಕೆ ಮೊದಲ ಪೆಟ್ಟು ನಿದ್ದೆಯದು. ಹದಿಹರೆಯದಲ್ಲಿ ನಿದ್ದೆ ತರುವ ಮೆಲಟೋನಿನ್ ರಸ ರಾತ್ರಿ ತಡವಾಗಿ ಹೊಮ್ಮುತ್ತದೆ. ಹತ್ತು ಗಂಟೆಗೆ ಮಲಗೆಂದರೂ ಅವರಿಗೆ ನಿದ್ದೆ ಹತ್ತುವುದಿಲ್ಲ. ಇದು ಸೊಕ್ಕಲ್ಲ, ಶರೀರಧರ್ಮ. ಈ ವಯಸ್ಸಿಗೆ ಎಂಟರಿಂದ ಹತ್ತು ತಾಸು ನಿದ್ದೆ ಬೇಕು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲೇ, ಹೈಸ್ಕೂಲುಗಳು ಬೆಳಿಗ್ಗೆ ಎಂಟೂವರೆಗಿಂತ ಮೊದಲು ಶುರುವಾಗಬಾರದು ಎಂದು ಹೇಳಿತು. ನಮ್ಮಲ್ಲಿ ಟ್ಯೂಷನ್ನಿನ ಮೊದಲ ಬ್ಯಾಚು ಬೆಳಿಗ್ಗೆ ಆರಕ್ಕೆ! ಡಿಸೆಂಬರಿನ ಧಾರವಾಡದ ಚಳಿಯಲ್ಲಿ ಸ್ವೆಟರ್ ಹಾಕಿ ಸೈಕಲ್ ಹೊಡೆಯುವ ಆ ಮಕ್ಕಳನ್ನು ನೋಡಿ ನಾವು ಮೆಚ್ಚಿಕೊಳ್ಳುತ್ತೇವೆ. ಆದರೆ ಓದಿದ್ದು ನೆನಪಿನಲ್ಲಿ ಕೂರುವುದೇ ನಿದ್ದೆಯಲ್ಲಿ, ಆ ಹುಡುಗ ಮಲಗಿದ್ದು ಐದೇ ತಾಸು. ನಿದ್ದೆ ಕಡಿದರೆ ಓದೂ ಹೋಯಿತು. ಆಮೇಲೆ ಬರುವುದು ಎದೆಯುರಿ, ತಲೆಸುತ್ತು, ಸಣ್ಣದಕ್ಕೂ ಅಳು, ಪರೀಕ್ಷೆಯ ಹಾಲಿನಲ್ಲಿ ಕೈ ತಣ್ಣಗಾಗುವುದು. ಪಿ.ಜಿ. ಹುಡುಗಿಯರಲ್ಲಿ ಮುಟ್ಟು ತಿಂಗಳುಗಟ್ಟಲೆ ನಿಂತುಹೋದದ್ದನ್ನು ನೋಡಿದ್ದೇನೆ. ಎಲ್ಲಕ್ಕೂ ಬಿ-ಕಾಂಪ್ಲೆಕ್ಸ್ ಗುಳಿಗೆ ಬರೆದು ಕೊಟ್ಟರೆ ಡಾಕ್ಟರರ ಕೆಲಸ ಮುಗಿಯುವುದಿಲ್ಲ.

ಧಾರವಾಡಕ್ಕೆ ಮಕ್ಕಳು ಓದಲು ಬರುವುದು ಹೊಸದೇನಲ್ಲ. ಹಿಂದೆ ಬಂದವರಿಗೆ ಏನಿತ್ತು? ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ನಡೆಸಿದ ಉಚಿತ ಪ್ರಸಾದ ನಿಲಯವಿತ್ತು, ಬೇರೆ ಬೇರೆ ಸಮಾಜಗಳ ಬೋರ್ಡಿಂಗುಗಳಿದ್ದವು. ಸುತ್ತಲ ಹಳ್ಳಿಗಳಿಂದ ಬೆಳಗಿನ ಬಸ್ಸಿಗೆ ಬುತ್ತಿ ಕಟ್ಟಿ ಕಳಿಸುವ ರೂಢಿಯಂತೂ ಈ ಭಾಗದ ದೊಡ್ಡ ಸಂಗತಿ. ಕಂಡಕ್ಟರ್ ಕೈಗೆ ಕೊಟ್ಟ ಡಬ್ಬಿಯನ್ನು ಹುಡುಗ ಬಸ್ ಸ್ಟ್ಯಾಂಡಿನಲ್ಲಿ ಇಳಿಸಿಕೊಳ್ಳುತ್ತಿದ್ದ. ರೊಟ್ಟಿ, ಕಾಳಪಲ್ಯ, ಶೇಂಗಾ ಹಿಂಡಿ. ಸಂಜೆಯ ಬಸ್ಸಿಗೆ ಖಾಲಿ ಡಬ್ಬಿ ವಾಪಸು. ಆ ಡಬ್ಬಿ ಖಾಲಿಯಾಗಿ ಬಂದಿದೆಯೋ, ರೊಟ್ಟಿ ಹಾಗೇ ಉಳಿದಿದೆಯೋ ಎಂಬುದನ್ನು ತಾಯಿ ದಿನಾ ನೋಡುತ್ತಿದ್ದಳು. ಎರಡು ದಿನ ರೊಟ್ಟಿ ಉಳಿದು ಬಂದರೆ ಮೂರನೆಯ ದಿನ ಡಬ್ಬಿಯ ಜೊತೆ ಅಪ್ಪನೂ ಬಸ್ಸಿನಿಂದ ಇಳಿಯುತ್ತಿದ್ದ. ಮಗುವಿನ ಹಸಿವು ಕೆಟ್ಟಿದೆ ಎಂಬ ಸುದ್ದಿ ಮನಸ್ಸು ಕೆಟ್ಟಿದೆ ಎಂಬ ಮೊದಲ ಸುದ್ದಿಯೂ ಹೌದು. ಅದು ಒಂದೇ ದಿನದಲ್ಲಿ ಮನೆ ಮುಟ್ಟುತ್ತಿತ್ತು. ಈಗಿನ ವಿಡಿಯೋ ಕಾಲಿನಲ್ಲಿ ಮುಖ ಕಾಣುತ್ತದೆ, ಡಬ್ಬಿ ಕಾಣುವುದಿಲ್ಲ.

ಹಳೆಯದನ್ನು ಹೊಗಳಲು ಇದನ್ನು ಹೇಳುತ್ತಿಲ್ಲ. ಆ ಬೋರ್ಡಿಂಗುಗಳಲ್ಲಿ ಜಾತಿಯ ಗೋಡೆಗಳಿದ್ದವು. ಬುತ್ತಿ ಬರುತ್ತಿದ್ದದ್ದು ಹೆಚ್ಚಾಗಿ ಗಂಡುಮಕ್ಕಳಿಗೆ. ಹೆಣ್ಣುಮಕ್ಕಳು ಧಾರವಾಡದವರೆಗೆ ಬರುತ್ತಿದ್ದದ್ದೇ ಅಪರೂಪ. ಇಂದು ಬರುತ್ತಾರೆ. ಅದು ದೊಡ್ಡ ಗೆಲುವು. ಬರದೆ ಉಳಿದವರ ಕಥೆಯೂ ಇದೆ. ಮೊದಲು ಹೇಳಿದ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕದಲ್ಲಿ ಕರ್ನಾಟಕದ 20ರಿಂದ 24 ವಯಸ್ಸಿನ ಹೆಂಗಸರಲ್ಲಿ ಐವರಿಗೊಬ್ಬರ ಮದುವೆ ಹದಿನೆಂಟರೊಳಗೆ ಆಗಿತ್ತು. ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಎಂದು ಕರ್ನಾಟಕ 2017ರಲ್ಲಿ ಕಾನೂನನ್ನು ಬಿಗಿಮಾಡಿದೆ. ಕಾನೂನು ಹಳ್ಳಿಗೆ ಮುಟ್ಟುವ ಮೊದಲು ಸೋದರಮಾವ ಮುಟ್ಟಿರುತ್ತಾನೆ. ಒಂಬತ್ತನೆಯ ತರಗತಿಯ ಹುಡುಗಿ ಪದೇ ಪದೇ ಎಚ್ಚರ ತಪ್ಪುತ್ತಾಳೆ, ಹಲ್ಲು ಕಚ್ಚುತ್ತಾಳೆ. ಗಾಳಿ ಎನ್ನುತ್ತಾರೆ, ಫಿಟ್ಸ್ ಎನ್ನುತ್ತಾರೆ. ಇಇಜಿ ಸರಿ ಇರುತ್ತದೆ. ಆಕೆಯನ್ನು ಒಬ್ಬಳೇ ಕೂರಿಸಿ ಕೇಳಿದರೆ ನಿಶ್ಚಯದ ಮಾತು ಬರುತ್ತದೆ. ಬೇಡ ಎನ್ನಲು ಬಾಯಿಗೆ ಅನುಮತಿ ಇರಲಿಲ್ಲ, ಮೈ ಬೇಡ ಎಂದಿತು.

ಮೊಬೈಲಿನ ಬಗ್ಗೆ ನಾನಿನ್ನೂ ಮಾತಾಡಿಲ್ಲ ಎಂದು ಹಿಂದಿನ ಸಾಲಿನಲ್ಲಿ ಕೂತವರು ಚಡಪಡಿಸುತ್ತಿರುವುದು ಕಾಣುತ್ತಿದೆ. ನಿದ್ದೆ ಕೆಡಿಸುವ ವಿಷಯದಲ್ಲಿ ಅದು ಅಪರಾಧಿ, ಒಪ್ಪುತ್ತೇನೆ. ಮಲಗುವ ಕೋಣೆಯಿಂದ ಅದನ್ನು ಹೊರಗಿಡಿ, ನಿಮ್ಮದನ್ನೂ ಸೇರಿಸಿ. ಆದರೆ ಎಲ್ಲಕ್ಕೂ ಅದರ ಮೇಲೆ ಗೂಬೆ ಕೂರಿಸುವುದು ದೊಡ್ಡವರಿಗೆ ಬಹಳ ಅನುಕೂಲ. 2020ರ ಮಾರ್ಚಿನಲ್ಲಿ ಸಾಲಿಗಳು ಮುಚ್ಚಿದವು, ಚಿಕ್ಕ ಮಕ್ಕಳಿಗೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಆ ಹತ್ತೊಂಬತ್ತು ತಿಂಗಳು ಮೊಬೈಲ್ ಕೈಗೆ ಕೊಟ್ಟವರು ನಾವೇ. ಆಗ ಒಂದನೆಯ ತರಗತಿಯಲ್ಲಿದ್ದ ಮಗು ಗೆಳೆಯನೊಡನೆ ಜಗಳ ಆಡಿ ಮತ್ತೆ ರಾಜಿಯಾಗುವುದನ್ನು ಕಲಿಯಬೇಕಾದ ವಯಸ್ಸನ್ನು ಮನೆಯೊಳಗೆ ಕಳೆಯಿತು.

ಇಷ್ಟೆಲ್ಲ ಕಷ್ಟ ಕಂಡೂ ನೆಟ್ಟಗೆ ಬೆಳೆಯುವ ಮಕ್ಕಳಿದ್ದಾರಲ್ಲ, ಅವರಿಗೆ ಏನು ಸಿಕ್ಕಿರುತ್ತದೆ? ಈ ಪ್ರಶ್ನೆಯನ್ನು ಎಮ್ಮಿ ವರ್ನರ್ ಎಂಬ ಮನಶ್ಶಾಸ್ತ್ರಜ್ಞೆ ಹವಾಯಿಯ ಕವಾಯಿ ದ್ವೀಪದಲ್ಲಿ ಕೇಳಿದರು. 1955ರಲ್ಲಿ ಅಲ್ಲಿ ಹುಟ್ಟಿದ 698 ಮಕ್ಕಳನ್ನು ಅವರ ತಂಡ ನಡುವಯಸ್ಸಿನವರೆಗೆ ಬೆನ್ನುಹತ್ತಿ ನೋಡಿತು. ಬಡತನ, ಕುಡಿತ, ಮನೆಯ ಜಗಳ ಎಲ್ಲ ಸೇರಿದ ಗುಂಪಿನಲ್ಲೂ ಮೂವರಲ್ಲಿ ಒಬ್ಬರು ಸಮರ್ಥರಾಗಿ, ಅಕ್ಕರೆಯುಳ್ಳವರಾಗಿ ಬೆಳೆದರು. ಅವರಲ್ಲಿ ಸಾಮಾನ್ಯವಾಗಿ ಕಂಡದ್ದು, ಬಾಲ್ಯದಲ್ಲಿ ಅವರನ್ನು ಬಿಡದೆ ಹಿಡಿದ ಒಬ್ಬ ದೊಡ್ಡವರು. ತಾಯಿ-ತಂದೆಯೇ ಆಗಬೇಕೆಂದಿರಲಿಲ್ಲ: ಅಜ್ಜಿ, ನೆರೆಯವರು, ಒಬ್ಬ ಮಾಸ್ತರು.

ನಮ್ಮಲ್ಲಿ ಆ ಒಬ್ಬರು ಯಾರು ಎಂದು ಹುಡುಕಿದರೆ ಬಹಳ ಸಲ ಅಂಗನವಾಡಿಯ ಅಕ್ಕೋರು ಸಿಗುತ್ತಾರೆ, ಬಿಸಿಯೂಟದ ಅಡುಗೆಯಾಕಿ ಸಿಗುತ್ತಾಳೆ, ಪಿ.ಟಿ. ಮಾಸ್ತರು ಸಿಗುತ್ತಾರೆ. ಧಾರವಾಡದ ಹತ್ತಿರದ ಕಲಕೇರಿಯಲ್ಲಿ 2002ರಲ್ಲಿ ಶುರುವಾದ ಸಂಗೀತ ವಿದ್ಯಾಲಯ ಬಡ ಮನೆಗಳ ಮಕ್ಕಳನ್ನು ಇಟ್ಟುಕೊಂಡು, ಉಣಿಸಿ, ಶಾಲೆಯ ಪಾಠದ ಜೊತೆ ಹಿಂದುಸ್ತಾನಿ ಸಂಗೀತ ಕಲಿಸುತ್ತದೆ. ಅಲ್ಲಿ ಎಲ್ಲರೂ ದೊಡ್ಡ ಗಾಯಕರಾಗಲಿ ಎಂದು ನಾನು ಬಯಸುವುದಿಲ್ಲ. ದಿನಾ ಬೆಳಿಗ್ಗೆ ಒಬ್ಬ ಗುರುವಿನ ಎದುರು ಕೂತು ಸ್ವರ ಹಚ್ಚುವ ಮಗುವನ್ನು ದಿನಾ ಬೆಳಿಗ್ಗೆ ಒಬ್ಬರು ಕಿವಿಗೊಟ್ಟು ಕೇಳುತ್ತಾರೆ. ವೈದ್ಯಳಾಗಿ ನನಗೆ ಮುಖ್ಯವಾದದ್ದು ಅದು.

ಈಗ ಕೆಲಸದ ಮಾತು. ಹೊಟ್ಟೆನೋವಿನ ಮಗುವನ್ನು ಒಮ್ಮೆ ಸರಿಯಾಗಿ ತಪಾಸಿಸಿ. ರೋಗವಿಲ್ಲವೆಂದಾದರೆ ಹತ್ತು ಡಾಕ್ಟರರ ಹತ್ತಿರ ಸುತ್ತಿಸಬೇಡಿ. ಪ್ರತಿ ಹೊಸ ಸ್ಕ್ಯಾನಿಂಗ್ ಮಗುವಿಗೆ ‘ಒಳಗೆ ಏನೋ ದೊಡ್ಡದಿದೆ’ ಎಂದು ಹೇಳಿಕೊಡುತ್ತದೆ. “ನೋವು ಖರೇ ಐತಿ, ಕಡಿಮಿ ಆಗತೈತಿ” ಎಂದು ಹೇಳಿ. ಆದಷ್ಟು ಬೇಗ, ಅರ್ಧ ದಿನವಾದರೂ ಸಾಲಿಗೆ ಕಳಿಸಿ. ಮನೆಯಲ್ಲಿ ಉಳಿದ ಪ್ರತಿ ದಿನವೂ ಮರುದಿನದ ಭಯವನ್ನು ಬೆಳೆಸುತ್ತದೆ. ಕಳಿಸುವ ಮೊದಲು ಅಲ್ಲಿ ಏನು ನಡೆಯುತ್ತಿದೆ ಎಂದು ವಿಚಾರಿಸಿ. ಯಾರೋ ಹೊಡೆಯುತ್ತಿದ್ದರೆ, ಮುಟ್ಟಬಾರದ ಕಡೆ ಮುಟ್ಟುತ್ತಿದ್ದರೆ ಕಳಿಸುವ ಪ್ರಶ್ನೆಯೇ ಇಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ; ಲೈಂಗಿಕ ದೌರ್ಜನ್ಯವಾದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ದೂರು ಕೊಡುವುದು ಗೊತ್ತಾದ ಪ್ರತಿಯೊಬ್ಬರ ಕರ್ತವ್ಯ.

ದೊಡ್ಡ ಮಗು “ನಾ ಇದ್ದೇನ್ ಮಾಡೋದೈತಿ” ಎಂದರೆ ಮಾತು ಬದಲಿಸಬೇಡಿ. ಸಾಯುವ ವಿಚಾರ ಬರ್ತದೇನು ಎಂದು ನೇರವಾಗಿ ಕೇಳಿ. ಕೇಳುವುದರಿಂದ ಇಲ್ಲದ ವಿಚಾರ ತಲೆಗೆ ಹೊಗುವುದಿಲ್ಲ. ಹೊತ್ತುಕೊಂಡವರಿಗೆ ಇಳಿಸಲು ಜಾಗ ಸಿಗುತ್ತದೆ. ಆ ರಾತ್ರಿ ಮಗುವನ್ನು ಒಂಟಿಯಾಗಿ ಬಿಡಬೇಡಿ, ಕೀಟನಾಶಕವನ್ನು ಮನೆಯಿಂದ ಹೊರಗಿಡಿ. 2022ರ ಅಕ್ಟೋಬರಿನಿಂದ ಇರುವ ಟೆಲಿ-ಮಾನಸ್ ಸಂಖ್ಯೆ 14416; ಹಗಲು-ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಕಿಲ್ಲ. ಪೊಲೀಸ್ ಕೇಸಿನ ಅಂಜಿಕೆ ಬೇಡ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ 2017ರ ಮಾನಸಿಕ ಆರೋಗ್ಯ ಕಾಯ್ದೆ ಭಾವಿಸುತ್ತದೆ, ಶಿಕ್ಷೆಯ ಬದಲು ಆರೈಕೆ ಕೊಡಿ ಎನ್ನುತ್ತದೆ. ಬೆಳಗಾವಿ ರಸ್ತೆಯ ಗೇಟಿನೊಳಗೆ ಹೋಗಲು ಇನ್ನೂ ಮುಜುಗರವಾದರೆ ಜನ ಕಿಮ್ಸ್ ಎಂದೇ ಕರೆಯುವ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿ ಮನೋರೋಗ ವಿಭಾಗ ಉಳಿದ ವಿಭಾಗಗಳ ನಡುವೆಯೇ ಇದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್ ಎಂಬುದಿದೆ. ಬೋರ್ಡು ನೋಡಿದವರು ಬಹಳ, ಒಳಗೆ ಹೋದವರು ಕಡಿಮೆ.

ಕೊನೆಯದಾಗಿ ಮಹಾನಗರ ಪಾಲಿಕೆಗೆ ಒಂದು ಕೋರಿಕೆ. ಪಿ.ಜಿ.ಗಳಿಗೆ ಉದ್ದಿಮೆ ಪರವಾನಗಿ ಕೊಡುವಾಗ ನೀರು, ಶೌಚಾಲಯ, ಬೆಂಕಿ ನಂದಿಸುವ ಸಲಕರಣೆ ಕೇಳುತ್ತೀರಿ. ಹದಿನೆಂಟರೊಳಗಿನವರನ್ನು ಇಟ್ಟುಕೊಳ್ಳುವ ಪಿ.ಜಿ.ಗಳಿಗೆ ಇನ್ನು ಮೂರು ಸೇರಿಸಿ: ರಾತ್ರಿ ಅಲ್ಲೇ ಇರುವ, ಒಂದು ವಾರವಾದರೂ ತರಬೇತಿ ಪಡೆದ ವಾರ್ಡನ್; ಊಟ ಬಿಟ್ಟವರ ಹೆಸರು ಬರೆಯುವ ಒಂದು ವಹಿ; ಎರಡು ದಿನ ಊಟ ಬಿಟ್ಟರೆ ಮನೆಗೆ ಫೋನ್. ತರಬೇತಿ ಕೊಡಲು ಡಿಮ್ಹಾನ್ಸ್ ಇದೆ, ಧಾರವಾಡದ ವಿಶ್ವವಿದ್ಯಾಲಯಗಳಲ್ಲಿ ಮಕ್ಕಳ ಬೆಳವಣಿಗೆಯನ್ನೂ ಮನಶ್ಶಾಸ್ತ್ರವನ್ನೂ ಕಲಿಸುವವರಿದ್ದಾರೆ. ಟ್ಯುಟೋರಿಯಲ್ ನಡೆಸುವವರು ಮೊದಲ ಬ್ಯಾಚನ್ನು ಏಳೂವರೆಗೆ ಇಟ್ಟುಕೊಂಡರೆ ಅವರ ಫಲಿತಾಂಶ ಇಳಿಯುವುದಿಲ್ಲ ಎಂದು ನಾನು ಧೈರ್ಯದಿಂದ ಹೇಳಬಲ್ಲೆ. ಒಂದು ವರ್ಷ ಪ್ರಯೋಗ ಮಾಡಲು ಯಾರಾದರೂ ಒಪ್ಪಿದರೆ ಅವರ ಮಕ್ಕಳ ತೂಕ, ನಿದ್ದೆ, ರಕ್ತದ ಲೆಕ್ಕ ಬರೆದಿಡುವ ಕೆಲಸಕ್ಕೆ ನಾನು ದುಡ್ಡಿಲ್ಲದೆ ಬರುತ್ತೇನೆ.